ಓದುಗರ ಸ್ಪಂದನ: ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತದೆ

ಕಳೆದ ವಾರದ ಸಮಸ್ಯೆ: ನನಗೆ 31 ವರ್ಷ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ) ಮುಗಿಸಿ ಆರು ವರ್ಷದಿಂದ ಮಕ್ಕಳ ರಕ್ಷಣೆಯ ಕೆಲಸದಲ್ಲಿದ್ದೇನೆ, ಗುತ್ತಿಗೆ ಮೇಲೆ. ಮಾರ್ಚ್‌ನಲ್ಲಿ ಹದಿನೈದರ ಹುಡುಗಿಯೊಬ್ಬಳ ಮದುವೆ ನಿಲ್ಲಿಸಿ, ತಂದೆ-ತಾಯಿಯಿಂದ ಮುಚ್ಚಳಿಕೆ ಬರೆಸಿಕೊಂಡು ಬಂದೆ. ಜೂನ್‌ನಲ್ಲಿ ಶಾಲೆಗೆ ಹೋಗಿ ಕೇಳಿದರೆ ಹುಡುಗಿ ಬರುತ್ತಿಲ್ಲ. ಪಕ್ಕದ ತಾಲ್ಲೂಕಿನ ದೇವಸ್ಥಾನದಲ್ಲಿ ಬೆಳಗಿನ ಜಾವ ತಾಳಿ ಕಟ್ಟಿಸಿಬಿಟ್ಟಿದ್ದರು. ಅಂದಿನಿಂದ ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತದೆ. ಯಾರ ಕಷ್ಟ ಕೇಳಿದರೂ ಏನೂ ಅನ್ನಿಸುವುದಿಲ್ಲ. ಮೊನ್ನೆ ಒಬ್ಬ ತಾಯಿಗೆ ಎಲ್ಲರೆದುರು ಬೈದುಬಿಟ್ಟೆ. ಮನೆಯಲ್ಲಿ ಮಗಳು ಕೊರಳಿಗೆ ಜೋತುಬಿದ್ದರೆ ದೂರ ತಳ್ಳುತ್ತೇನೆ. ನಾನು ಕಲ್ಲಾಗಿಬಿಟ್ಟೆನೇ? ಕೆಲಸ ಬಿಡಲೇ?

ತಂಗೀ, ನನಗೆ 68 ವರ್ಷ, ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ನಾನು ಪರಿವೀಕ್ಷಣಾಧಿಕಾರಿಯಾಗಿ (ಪ್ರೊಬೇಷನ್ ಆಫೀಸರ್) ನಿವೃತ್ತಳಾದವಳು. ಕಾನೂನಿನ ತೊಡಕಿಗೆ ಸಿಕ್ಕ ಮಕ್ಕಳ ಮನೆ, ಹಿನ್ನೆಲೆ ವಿಚಾರಿಸಿ ವರದಿ ಬರೆಯುವುದು ನನ್ನ ಕೆಲಸವಾಗಿತ್ತು. ಒಂದು ಮಧ್ಯಾಹ್ನ ಒಬ್ಬ ಹುಡುಗನ ಸಾಮಾಜಿಕ ತನಿಖಾ ವರದಿ ಬರೆದು ಮುಗಿಸಿದೆ. ಸಹಿ ಹಾಕುವ ಮುಂಚೆ ಒಮ್ಮೆ ಕಣ್ಣಾಡಿಸಿದರೆ, ತಂದೆಯ ಉದ್ಯೋಗ ಅನ್ನುವ ಕಡೆ ‘ಗಾರೆ ಕೆಲಸ’ ಎಂದಿತ್ತು. ಆ ಹುಡುಗನಿಗೆ ಅಪ್ಪನೇ ಇರಲಿಲ್ಲ. ಹಿಂದಿನ ವಾರದ ಹುಡುಗನ ಅಪ್ಪನನ್ನು ತಂದು ಇವನ ಕಾಗದದಲ್ಲಿ ಕೂರಿಸಿದ್ದೆ. ಎದುರಿಗೆ ಕೂತು ಒಂದು ಗಂಟೆ ಮಾತಾಡಿದ ಹುಡುಗನ ಒಂದು ಮಾತೂ ನನ್ನೊಳಗೆ ಇಳಿದಿರಲಿಲ್ಲ. ಆ ದಿನ ನನಗೂ ನಿನ್ನ ಹಾಗೆಯೇ ಅನ್ನಿಸಿತ್ತು, ನಾನು ಕಲ್ಲಾಗಿದ್ದೇನೆ ಅಂತ.

ಕಲ್ಲಾದವರಿಗೆ ಎದೆ ಹೊಡೆದುಕೊಳ್ಳುವುದಿಲ್ಲ. ಇದಕ್ಕೆ ಬರ್ನ್‌ಔಟ್ ಅನ್ನುತ್ತಾರೆ. ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಇದರ ಬಗ್ಗೆ ಬರೆದದ್ದು ನ್ಯೂಯಾರ್ಕ್‌ನ ಒಂದು ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದವರನ್ನು ಕಂಡು. ಅಂದರೆ ನಮ್ಮಂಥವರನ್ನು ಕಂಡೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಕಾಯಿಲೆಗಳ ಪಟ್ಟಿಯಲ್ಲಿ ಇದನ್ನು ಕಾಯಿಲೆ ಎಂದು ಬರೆದಿಲ್ಲ, ಕೆಲಸದ ಒತ್ತಡ ಸರಿಯಾಗಿ ನಿಭಾಯಿಸದೆ ಹೋದಾಗ ಹುಟ್ಟುವ ಸ್ಥಿತಿ ಎಂದಿದೆ. ದೇಹದ ಶಕ್ತಿಯೆಲ್ಲ ಸೋರಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ನನ್ನಿಂದೇನೂ ಆಗುತ್ತಿಲ್ಲ ಅನ್ನಿಸುವುದು: ಇವು ಅದರ ಗುರುತು. ಇವುಗಳ ನೆರಳು ನಿನ್ನ ಪತ್ರದಲ್ಲಿ ಕಾಣುತ್ತದೆ. ಯೋಗ, ಧ್ಯಾನ ಮಾಡು ಎಂದು ನಿನಗೆ ಬಹಳ ಜನ ಹೇಳಿರುತ್ತಾರೆ. ಮಾಡು, ಒಳ್ಳೆಯದೇ. ಆದರೆ ಮೂವರು ಹೊರುವ ಹೊರೆಯನ್ನು ಒಬ್ಬಳ ತಲೆ ಮೇಲಿಟ್ಟು ಉಸಿರಾಟ ಸರಿ ಮಾಡಿಕೋ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಆ ಹುಡುಗಿಯ ವಿಷಯವನ್ನೇ ತೆಗೆದುಕೋ. ಮದುವೆ ತಡೆಯುವ ಹೊಣೆ ನಿನ್ನೊಬ್ಬಳದೇ? ನಮ್ಮ ರಾಜ್ಯದಲ್ಲಿ ತಹಶೀಲ್ದಾರರು, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಶಾಲೆಯ ಮುಖ್ಯೋಪಾಧ್ಯಾಯರು ಕೂಡ ಬಾಲ್ಯವಿವಾಹ ನಿಷೇಧಾಧಿಕಾರಿಗಳೇ. ಹುಡುಗಿ ಶಾಲೆಗೆ ಬರದ ಮೊದಲ ವಾರವೇ ಯಾರಾದರೂ ಒಬ್ಬರು ನಿನಗೆ ಫೋನ್ ಮಾಡಬೇಕಿತ್ತು. ಮುಚ್ಚಳಿಕೆ ಬರೆಸಿಕೊಂಡ ಮೇಲೆ ಯಾರು, ಎಷ್ಟು ದಿನಕ್ಕೊಮ್ಮೆ ಹೋಗಿ ನೋಡಬೇಕು ಎಂದು ಅಂದೇ ಹೆಸರು ಬರೆದು ಹಂಚಿಕೊಳ್ಳಬೇಕಿತ್ತು. ಇನ್ನು ಮುಂದೆ ಹಾಗೆ ಮಾಡಿಸು, ಸಭೆಯ ನಡಾವಳಿಯಲ್ಲಿ ಬರೆಸು. ಆ ಹುಡುಗಿಯ ಕಡತವೂ ಮುಗಿದಿಲ್ಲ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಅವಳಿಗೆ ಇನ್ನೂ ಹದಿನೆಂಟು ತುಂಬಿಲ್ಲ, ರಕ್ಷಣೆ ಬೇಕಾದ ಮಕ್ಕಳ ವಿಷಯ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅವಳನ್ನು ತರಬಹುದು. ಅಲ್ಲಿ ಅಧ್ಯಕ್ಷರು, ನಾಲ್ವರು ಸದಸ್ಯರು ಇರುತ್ತಾರೆ. ತೀರ್ಮಾನ ಅವರದು, ವರದಿ ನಿನ್ನದು. ಈ ಗೆರೆಯನ್ನು ನಾನು ಬಹಳ ತಡವಾಗಿ ಎಳೆದುಕೊಂಡೆ.

ನನ್ನನ್ನು ಉಳಿಸಿದ್ದು ಶನಿವಾರದ ಚಹಾ. ನನಗಿಂತ ಹಿರಿಯರೊಬ್ಬರು ವಾರಕ್ಕೊಮ್ಮೆ ನಮ್ಮನ್ನೆಲ್ಲ ಕೂರಿಸಿಕೊಂಡು, ‘ಈ ವಾರ ಯಾವ ಮಗು ನಿಮ್ಮ ಜೊತೆ ಮನೆಗೆ ಬಂತು?’ ಎಂದು ಕೇಳುತ್ತಿದ್ದರು. ಎಷ್ಟು ಕೇಸ್ ಮುಗಿಯಿತು ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ನಿನ್ನ ಕಚೇರಿಯಲ್ಲಿ ಅಂಥ ಹಿರಿಯರು ಇರದಿದ್ದರೆ ಪಕ್ಕದ ಜಿಲ್ಲೆಯ ಇಬ್ಬರು ಗೆಳತಿಯರನ್ನು ಹುಡುಕಿಕೋ. ನಿದ್ದೆ ಹೋಗಿದ್ದರೆ, ಬದುಕು ಸಾಕು ಅನ್ನಿಸುತ್ತಿದ್ದರೆ, ನಾಳೆ ಎನ್ನಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬೇರೆಯವರಿಗೆ ನೀನೇ ಎಷ್ಟೋ ಸಲ ಆ ನಂಬರ್ ಬರೆದುಕೊಟ್ಟಿರುತ್ತೀಯ.
— ನಿವೃತ್ತ ಪರಿವೀಕ್ಷಣಾಧಿಕಾರಿ, ಧಾರವಾಡ

ನನ್ನ ಹೆಂಡತಿಯೂ ನಿಮ್ಮದೇ ಕೆಲಸದಲ್ಲಿದ್ದಾಳೆ. ಮೊದಮೊದಲು ಅವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ‘ಏನಾಯ್ತು ಇವತ್ತು?’ ಎನ್ನುತ್ತಿದ್ದೆ. ಅವಳು ಸಿಡುಕುತ್ತಿದ್ದಳು. ಈಗ ಕೇಳುವುದಿಲ್ಲ. ಅವಳು ಸ್ನಾನ ಮುಗಿಸಿ ಬರುವವರೆಗೆ ಮಗನನ್ನು ನಾನು ಹೊರಗೆ ಆಡಿಸುತ್ತೇನೆ. ಫೋನ್ ಫ್ರಿಜ್ ಮೇಲೆ ಇರುತ್ತದೆ. ಮಕ್ಕಳ ಸಹಾಯವಾಣಿ 1098 ರಾತ್ರಿ-ಹಗಲು ಎಚ್ಚರವಿರುತ್ತದೆ, ಇರಲೇಬೇಕು. ನಿಮ್ಮ ಸ್ವಂತ ನಂಬರ್ ಹಾಗಿರಬೇಕಿಲ್ಲ ಮೇಡಂ. ರಾತ್ರಿ ಪಾಳಿ ಯಾರದು ಎಂದು ಪಟ್ಟಿ ಮಾಡಿಸಿ. ನಿಮ್ಮ ಮನೆಯವರಿಗೂ ಈ ಪತ್ರ ಓದಲು ಕೊಡಿ, ಹೆಚ್ಚಿನ ಗಂಡಂದಿರಿಗೆ ಇದು ಗೊತ್ತೇ ಇರುವುದಿಲ್ಲ.
— ಓದುಗ, ಚಿತ್ರದುರ್ಗ

ನಾನು ಬಿಟ್ಟೆ. ನಾಲ್ಕು ತಿಂಗಳು ಸಂಬಳ ಬಂದಿರಲಿಲ್ಲ, ಹಳ್ಳಿಗಳಿಗೆ ಹೋಗುವ ಬಸ್ ಚಾರ್ಜನ್ನೂ ಕೈಯಿಂದ ಹಾಕುತ್ತಿದ್ದೆ. ಬಿಟ್ಟದ್ದಕ್ಕೆ ಪಶ್ಚಾತ್ತಾಪವಿಲ್ಲ. ಬಿಟ್ಟ ರೀತಿಗೆ ಇದೆ. ಒಂದು ಬೈಗುಳದ ಮರುದಿನ, ಸಿಟ್ಟಿನಲ್ಲಿ ಚೀಟಿ ಬರೆದುಕೊಟ್ಟು ಬಂದೆ, ನನ್ನ ಕೈಯಲ್ಲಿದ್ದ ಮಕ್ಕಳ ವಿವರವನ್ನು ಯಾರಿಗೂ ಒಪ್ಪಿಸಲಿಲ್ಲ. ಅದು ಇನ್ನೂ ಚುಚ್ಚುತ್ತದೆ. ಅಕ್ಕಾ, ಮೊದಲು ಹದಿನೈದು ದಿನ ರಜೆ ಹಾಕಿ. ಸಂಬಳ ಕಡಿತವಾದರೂ ಹಾಕಿ. ಹತ್ತನೇ ದಿನ ನಿಮಗೆ ಏನನ್ನಿಸುತ್ತದೋ ಅದನ್ನು ನಂಬಿ.
— ಹೆಸರು ಬೇಡ, ಕೊಪ್ಪಳ

ಅವ್ವ ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ: ನಮ್ಮ ಮನಿಗೂ ಒಬ್ರು ಮೇಡಮ್ಮಾರು ಬರ್ತಿದ್ರು, ಮಗನ್ನ ಸಾಲಿ ಬಿಡಿಸಿ ಗ್ಯಾರೇಜಿಗೆ ಹಾಕಿದ್ವಿ ಅಂತ. ಒಂದಿನ ಓಣಿ ಮಂದಿ ಮುಂದ ನನಗ ಬಾಳ ಬೈದ್ರು. ನಾ ಬಾಗಲಾ ಹಾಕ್ಕೊಂಡೆ. ಎಂಟ್ ದಿನಕ್ಕ ಮತ್ತ ಬಂದ್ರು. ಕೈಯಾಗ ಫೈಲ್ ಇರಲಿಲ್ಲ. ಕಟ್ಟಿ ಮ್ಯಾಲ ಕುಂತು, ನೀರ್ ಕೇಳಿ ಕುಡದು, ‘ತಪ್ಪಾತು ಅವ್ವಾ, ಅವತ್ತ ನನ್ನ ತಲಿ ಸರಿ ಇರಲಿಲ್ಲ’ ಅಂದ್ರು. ಮನ್ಯಾನವ್ರು ಸಾಲ ಮಾಡಿದ್ದು, ಸಾಲ ಕೊಟ್ಟವನ ಗ್ಯಾರೇಜಿಗೇ ಮಗನ್ನ ಕಳಿಸಿದ್ದು ನಾ ಅವತ್ತ ಹೇಳಿದ್ದು, ಅದಕ್ಕೂ ಮೊದಲ ಯಾರ ಮುಂದೂ ಹೇಳಿರಲಿಲ್ಲ. ನೀವು ಬೈದ ಆ ತಾಯಿ ಮನಿಗೆ ಒಮ್ಮಿ ಹೋಗಿ ಬರ್ರಿ ಮೇಡಮ್ಮಾರ. ಫೈಲ್ ತಗೊಂಡು ಹೋಗಬ್ಯಾಡ್ರಿ.
— ತಾಯಿ ಮತ್ತು ಮಗಳು, ಗದಗ ಜಿಲ್ಲೆ