ಸಾಹಿತ್ಯ ಸಂಘದ 22 ವರ್ಷಗಳ ಬರಹಗಳಿಗೆ ಸಿಎಂಎಸ್ ಬೇಕೇ?

ಪ್ರಶ್ನೆ (ಸಂಘದ ಕಾರ್ಯದರ್ಶಿ):
ಎಲ್ಲರಿಗೂ ನಮಸ್ಕಾರ. ನಮ್ಮ ಸಂಘವು 22 ವರ್ಷಗಳಿಂದ ಮಾಸಪತ್ರಿಕೆಯೊಂದನ್ನು ಹೊರತರುತ್ತಿದೆ. ಹಳೆಯ ಸಂಚಿಕೆಗಳು ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್‌ನ ಕಡತಗಳಾಗಿ ಮೂರು ಕಂಪ್ಯೂಟರುಗಳಲ್ಲಿ ಹಂಚಿಹೋಗಿವೆ. ಉಪನ್ಯಾಸಗಳ ಧ್ವನಿಮುದ್ರಣಗಳು ಒಬ್ಬರ ಬಳಿ, ಛಾಯಾಚಿತ್ರಗಳು ಮತ್ತೊಬ್ಬರ ಬಳಿ ಇವೆ. ಜಾಲತಾಣದಲ್ಲಿ ಒಂದು ದಿನಾಂಕ ತಿದ್ದಬೇಕಾದರೂ ಅದನ್ನು ರೂಪಿಸಿಕೊಟ್ಟವರಿಗೆ ಇಮೇಲ್ ಬರೆದು ವಾರಗಟ್ಟಲೆ ಕಾಯಬೇಕು. ಕಳೆದ ತಿಂಗಳು ಕಾರ್ಯಕ್ರಮದ ಸ್ಥಳ ಬದಲಾಯಿತು, ತಾಣದಲ್ಲಿ ಮಾತ್ರ ಬದಲಾಗಲಿಲ್ಲ. ದೂರದೂರಿನಿಂದ ಬಂದ ಹಿರಿಯರು ಹಳೆಯ ಸಭಾಂಗಣದ ಮುಂದೆ ಕಾದು ಹಿಂತಿರುಗಿದ್ದು ನನ್ನನ್ನು ಇಂದಿಗೂ ಕಾಡುತ್ತಿದೆ. ಸಿಎಂಎಸ್ (ಜಾಲತಾಣದ ಬರಹ, ಚಿತ್ರಗಳನ್ನು ನಾವೇ ಸೇರಿಸಿ ತಿದ್ದಲು ನೆರವಾಗುವ ತಂತ್ರಾಂಶ) ಅಳವಡಿಸಿಕೊಳ್ಳಿರೆಂದು ಕೆಲವರು ಸಲಹೆ ನೀಡಿದ್ದಾರೆ. ತಂತ್ರಜ್ಞರಲ್ಲದ ನಾವು ನಾಲ್ಕೈದು ಮಂದಿ ಅದನ್ನು ನಡೆಸಬಲ್ಲೆವೇ?

ಉತ್ತರ 1 (ನಿಯತಕಾಲಿಕವೊಂದರ ಜಾಲತಾಣ ಸಂಪಾದಕ):
ಖಂಡಿತ ನಡೆಸಬಲ್ಲಿರಿ. ನಿಮ್ಮ ತಾಣದಲ್ಲಿ ಈಗ ಬರಹವೂ ವಿನ್ಯಾಸವೂ ಒಂದೇ ಕಡತದಲ್ಲಿ ಹೆಣೆದುಕೊಂಡಿರಬೇಕು; ಆದ್ದರಿಂದಲೇ ಒಂದು ದಿನಾಂಕ ತಿದ್ದಲೂ ತಂತ್ರಜ್ಞರು ಬೇಕಾಗುತ್ತಾರೆ. ಸಿಎಂಎಸ್‌ನಲ್ಲಿ ಬರಹವು ಡೇಟಾಬೇಸಿನಲ್ಲಿಯೂ ವಿನ್ಯಾಸವು ಥೀಮ್ ಎಂಬ ಪ್ರತ್ಯೇಕ ಕಡತಗಳಲ್ಲಿಯೂ ಬೇರೆಬೇರೆಯಾಗಿರುತ್ತವೆ. ಕಾರ್ಯಕ್ರಮವನ್ನು ಒಂದೇ ದಾಖಲೆಯಾಗಿ ಇಟ್ಟುಕೊಂಡರೆ, ಅಲ್ಲಿ ಸ್ಥಳವನ್ನು ತಿದ್ದಿದಾಗ ಮುಖಪುಟದಲ್ಲಿಯೂ ಕಾರ್ಯಕ್ರಮಗಳ ಪಟ್ಟಿಯಲ್ಲಿಯೂ ತಾನಾಗಿ ಬದಲಾಗುತ್ತದೆ.

2003ರಲ್ಲಿ ಆರಂಭವಾದ ವರ್ಡ್‌ಪ್ರೆಸ್ ಎಂಬ ಸಿಎಂಎಸ್ ಮುಕ್ತ ತಂತ್ರಾಂಶವಾಗಿದ್ದು, ನಿಮ್ಮ ಅಗತ್ಯಕ್ಕೆ ಸಾಕು. ಅದರಲ್ಲಿ ‘ಕಾಂಟ್ರಿಬ್ಯೂಟರ್’ ಆದವರು ಬರೆಯಬಹುದು, ಪ್ರಕಟಿಸಲಾಗದು. ‘ಎಡಿಟರ್’ ಆದವರು ನೋಡಿ, ತಿದ್ದಿ ಪ್ರಕಟಿಸುತ್ತಾರೆ. ಯಾರಾದರೂ ತಪ್ಪಾಗಿ ತಿದ್ದಿದರೆ ಹಿಂದಿನ ಆವೃತ್ತಿಯನ್ನು ಮರಳಿ ತರಬಹುದು. ಆದರೆ ಅಳವಡಿಸುವ ಮೊದಲೇ ಲೇಖಕ, ಸಂಚಿಕೆ, ಪ್ರಕಾರ ಇವುಗಳನ್ನು ಪ್ರತ್ಯೇಕವಾಗಿ ಗುರುತಿಸುವುದು ಹೇಗೆಂದು ಕಾಗದದ ಮೇಲೆ ನಿರ್ಧರಿಸಿಕೊಳ್ಳಿ. ಕವಿತೆ, ವರದಿ, ಶ್ರದ್ಧಾಂಜಲಿ ಎಲ್ಲವನ್ನೂ ಒಂದೇ ರಾಶಿಯಲ್ಲಿ ಸುರಿದರೆ, ಎರಡು ವರ್ಷಗಳ ಬಳಿಕ ಹಾಕಿದವರಿಗೇ ಸಿಗದಂತಾಗುತ್ತದೆ.

ಉತ್ತರ 2 (ಯೂನಿಕೋಡ್ ಕಾರ್ಯದಲ್ಲಿ ತೊಡಗಿರುವವರು):
ಅದಕ್ಕೂ ಮೊದಲಿನ ಕೆಲಸವೊಂದಿದೆ. ಪೇಜ್‌ಮೇಕರ್ ಕಾಲದ ‘ನುಡಿ’ ಅಥವಾ ‘ಬರಹ’ ಫಾಂಟಿನಲ್ಲಿರುವ ಪಠ್ಯವು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ರೋಮನ್ ಅಕ್ಷರಗಳ ಸಂಕೇತಗಳಾಗಿಯೇ ಉಳಿದಿರುತ್ತದೆ. ಅದನ್ನು ಹಾಗೆಯೇ ಸಿಎಂಎಸ್‌ಗೆ ಏರಿಸಿದರೆ, ಓದುಗರು ‘ವಚನ’ ಎಂದು ಹುಡುಕಿದಾಗ ಒಂದು ಲೇಖನವೂ ದೊರೆಯುವುದಿಲ್ಲ. ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್ ವ್ಯವಸ್ಥೆಗೆ ಪರಿವರ್ತಿಸುವ ಉಪಕರಣಗಳಿವೆ. ಆದರೂ ಒತ್ತಕ್ಷರ ಮತ್ತು ಅರ್ಕಾವತ್ತುಗಳಲ್ಲಿ ದೋಷಗಳು ಉಳಿಯಬಹುದು, ಆದ್ದರಿಂದ ಕರಡು ತಿದ್ದಬಲ್ಲವರೊಬ್ಬರು ಜೊತೆಗಿರಲೇಬೇಕು.

ವರ್ಡ್‌ಪ್ರೆಸ್ಸಿನಲ್ಲಿ ಕನ್ನಡಿಗರು ಎಡವುವ ಇನ್ನೊಂದು ಜಾಗವಿದೆ. ಲೇಖನದ ಜಾಲವಿಳಾಸದಲ್ಲಿ ಶೀರ್ಷಿಕೆಯಿಂದ ರೂಪುಗೊಳ್ಳುವ ಕೊನೆಯ ಭಾಗಕ್ಕೆ 200 ಅಕ್ಷರಗಳ ಮಿತಿಯಿದೆ. ಕನ್ನಡದ ಒಂದೊಂದು ಸಂಕೇತವೂ ಅಲ್ಲಿ 9 ಅಕ್ಷರಗಳಾಗಿ ಹಿಗ್ಗುತ್ತದೆ. ಗುಣಿತದ ಚಿಹ್ನೆಗಳೂ ಲೆಕ್ಕಕ್ಕೆ ಸೇರುವುದರಿಂದ, ಸುಮಾರು 22 ಸಂಕೇತಗಳಾಗುವಷ್ಟರಲ್ಲಿ ವಿಳಾಸದಲ್ಲಿನ ಶೀರ್ಷಿಕೆ ತುಂಡಾಗುತ್ತದೆ. ಸಂಚಿಕೆಯ ವರ್ಷ, ತಿಂಗಳು ಮತ್ತು ಕ್ರಮಸಂಖ್ಯೆಯನ್ನೇ ವಿಳಾಸವಾಗಿಸಿಕೊಳ್ಳಿ.

ಉತ್ತರ 3 (ಗ್ರಂಥಪಾಲಕಿ):
ಹಳೆಯ ಸಂಚಿಕೆಗಳ ಸ್ಕ್ಯಾನ್ ಪ್ರತಿಗಳನ್ನು ಕಾಪಾಡಲು ಡಿಸ್ಪೇಸ್‌ನಂತಹ ತಂತ್ರಾಂಶಗಳಿವೆ. ಭಾರತದ ಪಿಎಚ್‌ಡಿ ಮಹಾಪ್ರಬಂಧಗಳ ಭಂಡಾರವಾದ ಶೋಧಗಂಗಾ ನಡೆಯುತ್ತಿರುವುದು ಅದರಲ್ಲಿಯೇ. ಆದರೆ 22 ವರ್ಷಗಳಿಗೆ 264 ಸಂಚಿಕೆಗಳಷ್ಟೇ ಆಗುವುದರಿಂದ ನಿಮಗೆ ಅದರ ಭಾರ ಬೇಡ. ಅಲ್ಲಿನ ಒಂದು ಶಿಸ್ತನ್ನು ಮಾತ್ರ ಎರವಲು ಪಡೆಯಿರಿ: ಪ್ರತಿಯೊಂದು ಚಿತ್ರ ಮತ್ತು ಧ್ವನಿಮುದ್ರಣದ ಜೊತೆ ಶೀರ್ಷಿಕೆ, ಕರ್ತೃ, ದಿನಾಂಕ, ಹಕ್ಕುಸ್ವಾಮ್ಯ ಇವುಗಳನ್ನು ಏರಿಸುವ ದಿನವೇ ಬರೆದಿಡಿ. ಆಮೇಲೆ ಬರೆಯೋಣವೆಂದರೆ, ಚಿತ್ರದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ಆಗ ನಮ್ಮೊಡನೆ ಇರುತ್ತಾರೆಂಬ ಭರವಸೆಯಿಲ್ಲ.

ಬ್ಯಾಕಪ್ ವಿಷಯದಲ್ಲಿಯೂ ಎಚ್ಚರವಿರಲಿ. ಡೇಟಾಬೇಸಿನ ಪ್ರತಿಯನ್ನಷ್ಟೇ ತೆಗೆದಿಟ್ಟುಕೊಂಡರೆ ಬರಹ ಉಳಿಯುತ್ತದೆ, ಚಿತ್ರಗಳು ಉಳಿಯುವುದಿಲ್ಲ. ಅವು ಬೇರೆ ಫೋಲ್ಡರಿನಲ್ಲಿರುತ್ತವೆ.

ಕಾರ್ಯದರ್ಶಿ:
ಮೂವರಿಗೂ ಕೃತಜ್ಞತೆಗಳು. ಮೊದಲು ಒಂದು ವರ್ಷದ 12 ಸಂಚಿಕೆಗಳನ್ನು ಯೂನಿಕೋಡಿಗೆ ತಂದು ಪ್ರಯೋಗ ಮಾಡುತ್ತೇವೆ. ಒಂದು ಸಂದೇಹ: ತೀರಿಕೊಂಡ ಲೇಖಕರ ಬರಹಗಳನ್ನು ಅನುಮತಿಯಿಲ್ಲದೆ ಏರಿಸಬಹುದೇ?

ಗ್ರಂಥಪಾಲಕಿ:
ಭಾರತದಲ್ಲಿ ಲೇಖಕರು ತೀರಿಕೊಂಡ ಬಳಿಕವೂ ಹಕ್ಕುಸ್ವಾಮ್ಯ 60 ವರ್ಷಗಳವರೆಗೆ ಇರುತ್ತದೆ. ಆದ್ದರಿಂದ ವಾರಸುದಾರರಿಂದ ಲಿಖಿತ ಒಪ್ಪಿಗೆ ಪಡೆದು, ಆ ಪತ್ರದ ಪ್ರತಿಯನ್ನೂ ಲೇಖನದ ದಾಖಲೆಗೇ ಜೋಡಿಸಿಡಿ. ಆ ಪತ್ರವು ಹೊರಗಿನ ಓದುಗರಿಗೆ ತೆರೆದುಕೊಳ್ಳದಂತೆ ನೋಡಿಕೊಳ್ಳಿ.