ಸೈಟೊಕಲಾಸಿನ್ ಡಿ ಹಾಕಿದ ಹೀಲಾ ಕೋಶಗಳು ದುಂಡಗಾಗಿವೆ, ಸತ್ತಿವೆಯೇ?

ತಂತುಜಾಲ (ಪ್ರಶ್ನೆ):
ಹೀಲಾ ಕೋಶಗಳಿಗೆ (ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು) 1 ಮೈಕ್ರೋಮೋಲಾರ್ ಸೈಟೊಕಲಾಸಿನ್ ಡಿ (ಆಕ್ಟಿನ್ ಎಂಬ ಪ್ರೊಟೀನ್ ತಂತುಗಳನ್ನು ಕೆಡಿಸುವ ಔಷಧಿ) ಹಾಕಿದೆ. ಸ್ವಲ್ಪ ಹೊತ್ತಿನಲ್ಲೇ ಕೋಶಗಳು ಮುದುಡಿ ದುಂಡಗಾದವು, ಕೆಲವು ತಳ ಬಿಟ್ಟು ತೇಲಿದವು. 24 ಗಂಟೆಯ ನಂತರ ಎಂಟಿಟಿ (ಬದುಕಿರುವ ಕೋಶಗಳನ್ನು ಅಳೆಯುವ ಬಣ್ಣದ ಪರೀಕ್ಷೆ) ಮೌಲ್ಯವೂ ಕಂಟ್ರೋಲ್‌ಗಿಂತ ಬಹಳ ಕಡಿಮೆ. ಆದರೆ ಪ್ರೊಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಕೋಶ ತಾನೇ ಸಾಯುವಾಗ ಕಾಣುವ ತುಂಡಾದ ಕ್ಯಾಸ್ಪೇಸ್-3ರ ಪಟ್ಟಿಯೇ ಇಲ್ಲ. ಮೂರು ಸಲವೂ ಹೀಗೇ ಆಯಿತು. ಎಲ್ಲಿ ತಪ್ಪುತ್ತಿದ್ದೇನೆ?

ಕೋಶವೀಕ್ಷಕಿ:
ದುಂಡಗಾದದ್ದನ್ನು ಸಾವೆಂದು ಎಣಿಸಬೇಡಿ. ಸೈಟೊಕಲಾಸಿನ್ ಡಿ ಆಕ್ಟಿನ್ ತಂತುವಿನ ಬೆಳೆಯುವ ತುದಿಗೆ ಮುಚ್ಚಳ ಹಾಕುತ್ತದೆ. ಕೋಶವನ್ನು ಹರಡಿ ಹಿಡಿದಿದ್ದ ಜಾಲ ಕುಸಿದಾಗ ಬದುಕಿರುವ ಕೋಶವೂ ಉಂಡೆಯಾಗುತ್ತದೆ. ಎಂಟಿಟಿಯನ್ನೂ ನಾನು ನಂಬುವುದಿಲ್ಲ. ಆಕ್ಟಿನ್ ಉಂಗುರವಿಲ್ಲದೆ ಕೋಶ ಎರಡಾಗದು. ನ್ಯೂಕ್ಲಿಯಸ್ ಮಾತ್ರ ಇಬ್ಭಾಗವಾಗಿ ಕೋಶ ಒಂದೇ ಉಳಿಯುತ್ತದೆ. ಒಂದು ಕೋಶವೂ ಸಾಯದೆ ಸಂಖ್ಯೆ ಕಂಟ್ರೋಲ್‌ಗಿಂತ ಹಿಂದೆ ಬೀಳಬಹುದು.

ಒಂದು ಪ್ರಶ್ನೆ: ಲೈಸೇಟ್ ಮಾಡುವ (ಕೋಶ ಒಡೆದು ಪ್ರೊಟೀನ್ ತೆಗೆಯುವ) ಮುನ್ನ ಹಳೆಯ ಮೀಡಿಯಂ (ಕೋಶ ಬೆಳೆಯುವ ದ್ರವ) ಏನು ಮಾಡಿದಿರಿ?

ತಂತುಜಾಲ:
ಎಸೆದೆ ಮೇಡಂ. ಉಪ್ಪಿನ ದ್ರಾವಣವಾದ ಪಿಬಿಎಸ್‌ನಲ್ಲಿ ಎರಡು ಸಲ ತೊಳೆದು, ತಳದಲ್ಲಿ ಉಳಿದದ್ದನ್ನು ಕೆರೆದೆ.

ಕೋಶವೀಕ್ಷಕಿ:
ಸತ್ತ ಕೋಶಗಳು ಹೋದದ್ದೇ ಅಲ್ಲಿ. ತೇಲುವುದನ್ನು ಸೆಂಟ್ರಿಫ್ಯೂಜ್ ಮಾಡಿ, ಅಂಟಿರುವುದರ ಜೊತೆ ಸೇರಿಸಿ. ಒಮ್ಮೆ ಬೇರೆ ಬೇರೆಯಾಗಿಯೂ ಓಡಿಸಿ ನೋಡಿ. ಅನೆಕ್ಸಿನ್ (ಸಾಯುವ ಕೋಶಕ್ಕೆ ಅಂಟುವ ಪ್ರೊಟೀನ್) ಪರೀಕ್ಷೆ ಮಾಡುವುದಾದರೆ, ಕೋಶ ಬಿಡಿಸುವ ಟ್ರಿಪ್ಸಿನ್ ಜೊತೆಗಿನ, ಕ್ಯಾಲ್ಸಿಯಂ ಹಿಡಿದುಕೊಳ್ಳುವ ಇಡಿಟಿಎ ಪೂರ್ತಿ ತೊಳೆದುಹೋಗಲಿ, ಅನೆಕ್ಸಿನ್ ಅಂಟಲು ಕ್ಯಾಲ್ಸಿಯಂ ಬೇಕು. ಗುಳ್ಳೆಗಳು ಕಾಣಲಿಲ್ಲವೆಂದು ಅಪೊಪ್ಟೋಸಿಸ್ (ಕೋಶದ ಯೋಜಿತ ಸಾವು) ಇಲ್ಲವೆನ್ನಬೇಡಿ. ಪೊರೆ ಗುಳ್ಳೆ ಎಬ್ಬಿಸಲು ಬೇಕಾದ ಆಕ್ಟಿನ್-ಮಯೋಸಿನ್ ಬಲವನ್ನೇ ನೀವು ಕಿತ್ತುಕೊಂಡಿದ್ದೀರಿ. ಡಿಎಂಎಸ್‌ಒ (ಔಷಧಿ ಕರಗಿಸುವ ದ್ರವ) ಮಾತ್ರ ಹಾಕಿದ ಬಾವಿ (ತಟ್ಟೆಯ ಗುಳಿ), ಝಡ್-ವ್ಯಾಡ್ (ಕ್ಯಾಸ್ಪೇಸ್ ತಡೆಯುವ ಔಷಧಿ) ಸೇರಿಸಿದ ಬಾವಿ, ಔಷಧಿ ತೊಳೆದು ಹೊಸ ಮೀಡಿಯಂ ಕೊಟ್ಟ ಬಾವಿ, ಈ ಮೂರೂ ಇರಲಿ.

ತಂತುಜಾಲ:
ಎಲ್ಲ ಕೋಶಗಳೂ ಒಂದೇ ರೀತಿ ಏಕೆ ಸಾಯುವುದಿಲ್ಲ?

ಕೋಶವೀಕ್ಷಕಿ:
ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗವೇ ಇದು. ಬಿಎಂಎಫ್ ಎಂಬ ಸಾವಿನ ಪ್ರೊಟೀನ್ ಸಾಮಾನ್ಯವಾಗಿ ಡೈನೀನ್ ಲೈಟ್ ಚೈನ್ 2ರ ಮೂಲಕ ಆಕ್ಟಿನ್ ಮೇಲಿನ ಮಯೋಸಿನ್ 5ಕ್ಕೆ ಕಟ್ಟಿಹಾಕಿದಂತಿರುತ್ತದೆ. ಕೋಶ ತಳ ಬಿಟ್ಟಾಗ, ಅಥವಾ ಸೈಟೊಕಲಾಸಿನ್ ಡಿಯಿಂದ ತಂತು ಕೆಟ್ಟಾಗ, ಅದು ಬಿಡುಗಡೆಯಾಗಿ ಬಿಸಿಎಲ್-2 ಗುಂಪಿನ ರಕ್ಷಕ ಪ್ರೊಟೀನ್‌ಗಳನ್ನು ಹಿಡಿಯುತ್ತದೆ. 2001ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ಇದನ್ನು ತೋರಿಸಿದರು. ರಕ್ಷಕರು ಹೇರಳವಾಗಿರುವ ಕೋಶ ಈ ಪೆಟ್ಟನ್ನು ತಾಳಿಕೊಳ್ಳಬಹುದು. ಮೊದಲೇ ಅಂಚಿನಲ್ಲಿರುವ ಗೆಡ್ಡೆಯ ಕೋಶ ತಾಳಲಾರದು.

ತಂತುಜಾಲ (ಆರು ದಿನಗಳ ನಂತರ):
ಪಟ್ಟಿ ಬಂತು! ತೇಲುತ್ತಿದ್ದ ಭಾಗದಲ್ಲಿ ಸ್ಪಷ್ಟವಾಗಿದೆ, ಅಂಟಿದ ಭಾಗದಲ್ಲಿ ಇಲ್ಲ. ಝಡ್-ವ್ಯಾಡ್ ಹಾಕಿದ ಬಾವಿಯಲ್ಲಿ ಮಸುಕಾಗಿದೆ. ಔಷಧಿ ತೊಳೆದ ಬಾವಿಯಲ್ಲಿ ಬಹುಪಾಲು ಕೋಶಗಳು ಮತ್ತೆ ಹರಡಿಕೊಂಡವು, ಅನೇಕದರಲ್ಲಿ ಎರಡೆರಡು ನ್ಯೂಕ್ಲಿಯಸ್. ಮುಂದೆ ಜಾಸ್ಪ್ಲಾಕಿನೊಲೈಡ್ (ಆಕ್ಟಿನ್ ತಂತುಗಳನ್ನು ಗಟ್ಟಿಗೊಳಿಸುವ ಔಷಧಿ) ಹಾಕಿ, ಆಕ್ಟಿನ್ ತಂತುಗಳಿಗೆ ಅಂಟುವ ಫ್ಯಾಲೋಯ್ಡಿನ್‌ನಿಂದ ಬಣ್ಣ ಹಿಡಿಸಬೇಕೆಂದಿದ್ದೇನೆ.

ಕೋಶವೀಕ್ಷಕಿ:
ಶಭಾಷ್! ಆದರೆ ಆ ಜೋಡಿ ಬೇಡ. ಎರಡೂ ತಂತುವಿನ ಒಂದೇ ಜಾಗಕ್ಕೆ ಪೈಪೋಟಿ ಮಾಡುತ್ತವೆ. ತಂತು ಇದ್ದರೂ ಬಣ್ಣ ಹತ್ತದೆ ಮತ್ತೆ ದಾರಿ ತಪ್ಪುತ್ತೀರಿ. ಆಕ್ಟಿನ್ ಪ್ರತಿಕಾಯದಿಂದ ನೋಡಿ.