ಪದಚರ್ಚೆ: ಯುದ್ಧನೌಕೆಯ ‘ಹೈ ಪವರ್ ಲೇಸರ್’, ‘ಫೀಸಿಬಿಲಿಟಿ’ (ತುರ್ತು)

ಎಲ್ಲರಿಗೂ ನಮಸ್ಕಾರ.
ವಿಜ್ಞಾನ ಮಾಸಿಕವೊಂದಕ್ಕೆ ಅಮೆರಿಕದ ನೌಕಾಪಡೆಯ ಲೇಸರ್ ಅಸ್ತ್ರಗಳ ಕುರಿತ ಲೇಖನ ಅನುವಾದಿಸುತ್ತಿದ್ದೇನೆ. ಪುಟ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಸದ್ಯಕ್ಕೆ ಕೊಟ್ಟಿರುವ ತಲೆಬರಹ: ‘ಯುದ್ಧನೌಕೆಗಳಲ್ಲಿ ಅಧಿಕ ಶಕ್ತಿಯ ಲೇಸರ್ ಬಳಕೆಯ ಸಾಧ್ಯತೆ’. ಸರಿಯೇ? ಒಳಗೆ ‘ಥರ್ಮಲ್ ಬ್ಲೂಮಿಂಗ್’ ಕೂಡ ಇದೆ. ನಿಘಂಟುಗಳಲ್ಲಿ ಸಿಗಲಿಲ್ಲ.
– ಸು.

ಸು. ಅವರೇ, ‘ಸಾಧ್ಯತೆ’ ಬೇಡ. ಸಾಧ್ಯವೇ ಎಂಬ ಪ್ರಶ್ನೆ 2014ರಲ್ಲೇ ಮುಗಿದಿದೆ. ಕಾರ್ಖಾನೆಗಳಲ್ಲಿ ಲೋಹ ಬೆಸೆಯುವ ಬಗೆಯ ಫೈಬರ್ ಲೇಸರ್‌ಗಳನ್ನೇ ಜೋಡಿಸಿ, ಸುಮಾರು 30 ಕಿಲೋವ್ಯಾಟ್ ಕಿರಣವನ್ನು ಯುಎಸ್‌ಎಸ್ ಪಾನ್ಸೆ ಹಡಗಿನ ಮೇಲೆ ಕೂರಿಸಿದರು. ಪರ್ಷಿಯನ್ ಕೊಲ್ಲಿಯಲ್ಲಿ ಡ್ರೋನ್ ಕೆಡವಿ, ದೋಣಿಯ ಮೇಲಿಟ್ಟ ಗುರಿ ಸುಟ್ಟು ತೋರಿಸಿದರು. 2020ರ ಮೇನಲ್ಲಿ ಯುಎಸ್‌ಎಸ್ ಪೋರ್ಟ್‌ಲ್ಯಾಂಡ್ ಇನ್ನೂ ದೊಡ್ಡ, 150 ಕಿಲೋವ್ಯಾಟ್ ದರ್ಜೆಯ ಲೇಸರಿನಿಂದ ಡ್ರೋನ್ ಹೊಡೆಯಿತು.

ಈಗ ತೂಗಿ ನೋಡುತ್ತಿರುವುದು ಬೇರೆ. ಹಾಕಿದ ವಿದ್ಯುತ್ತಿನಲ್ಲಿ ಮೂರನೇ ಒಂದು ಪಾಲು ಬೆಳಕಾಗುತ್ತದೆ ಎಂದುಕೊಂಡರೂ 150 ಕಿಲೋವ್ಯಾಟ್ ಕಿರಣಕ್ಕೆ 450 ಬೇಕು. ಉಳಿದ 300 ಬರೀ ಬಿಸಿ. ರೇಡಾರಿಗೂ ಇದಕ್ಕೂ ಜನರೇಟರ್ ಒಟ್ಟಿಗೆ ಸಾಲುತ್ತದೆಯೇ, ಆ ಬಿಸಿಯನ್ನು ತಂಪುನೀರಿನ ಕೊಳವೆಗಳು ಹೊತ್ತೊಯ್ಯುತ್ತವೆಯೇ? ಇದಕ್ಕೆ ‘ಕಾರ್ಯಸಾಧ್ಯತೆ’ಯೇ ಪದ.

‘ಶಕ್ತಿ’ಯೂ ತಪ್ಪು. ಶಾಲೆಯ ಪುಸ್ತಕದಲ್ಲಿ ‘ಪವರ್’ ಅಂದರೆ ಸಾಮರ್ಥ್ಯ, ‘ಎನರ್ಜಿ’ ಅಂದರೆ ಶಕ್ತಿ. 30 ಕಿಲೋವ್ಯಾಟ್ ಸಾಮರ್ಥ್ಯದ ಕಿರಣ 5 ಸೆಕೆಂಡು ಹರಿದರೆ 150 ಕಿಲೋಜೂಲ್ ಶಕ್ತಿ. ಎರಡನ್ನೂ ಕಲಸಿದರೆ ಲೇಖನವೇ ಕೆಡುತ್ತದೆ.
– ಕೆ.ವಿ.

ಕಾರ್ಯಸಾಧ್ಯತೆ, ಸಾಮರ್ಥ್ಯ, ಯುದ್ಧನೌಕೆ. ಮೂರಕ್ಕೆ ಮೂರೂ ಸಂಸ್ಕೃತ! ನೌಕೆ ಯಾಕೆ? ಹಡಗು ನಮ್ಮದೇ ನುಡಿ. ಹಳಗನ್ನಡದಲ್ಲಿ ಪಡಗು, ತಮಿಳಿನಲ್ಲಿ ಇಂದಿಗೂ ಪಡಗು. ಪಕಾರ ಹಕಾರವಾದ ಗುರುತು ಕಣ್ಣಿಗೆ ಕಾಣುವಂತಿದೆ. ‘ಕಾಳಗದ ಹಡಗು’ ಎನ್ನಿ. ಪವರ್‌ಗೆ ‘ಕಸುವು’ ಇದೆ.
– ನಂ.

ಹಡಗಿನ ವಂಶಾವಳಿ ಯಾರೂ ಕೇಳಿಲ್ಲ. ‘ಕಸುವು’ ಪವರಿಗೂ ಎನರ್ಜಿಗೂ ಬಲಕ್ಕೂ ಹೊಂದುತ್ತದೆ, ಅದಕ್ಕೇ ಇಲ್ಲಿ ಹೊಂದುವುದಿಲ್ಲ.
– ಕೆ.ವಿ.

‘ಬ್ಲೂಮಿಂಗ್’ ಕಡೆಗೆ ಬರೋಣ. ‘ಉಷ್ಣ ಅರಳುವಿಕೆ’ ಎಂದು ಮಾತ್ರ ಹಾಕಬೇಡಿ, ಯಾರಿಗೂ ಏನೂ ತಿಳಿಯುವುದಿಲ್ಲ. ಕಿರಣ ತಾನು ಹಾಯುವ ಗಾಳಿಯನ್ನೇ ಕಾಯಿಸುತ್ತದೆ. ಕಾದ ಗಾಳಿ ತೆಳುವಾಗಿ ಮಸೂರದಂತೆ ಕಿರಣವನ್ನು ಅಗಲಿಸುತ್ತದೆ, ಗುರಿಯ ಮೇಲೆ ಚುರುಕು ಕಡಿಮೆಯಾಗುತ್ತದೆ. ಕಿಲೋವ್ಯಾಟ್ ಏರಿಸಿದಷ್ಟೂ ಇದು ಹೆಚ್ಚು. ನನ್ನ ಸಲಹೆ ‘ಕಾವಿನ ಹರವು’. ‘ಚದುರಿಕೆ’ಯನ್ನು ಉಪ್ಪುಗಾಳಿಗೆ ಉಳಿಸಿಕೊಳ್ಳಿ. ಕಿಟಕಿಯ ಸರಳು ತಿನ್ನುವ ಉಪ್ಪುಗಾಳಿ ನಮ್ಮ ಕುಂದಾಪುರದ ಕಡೆ ಎಲ್ಲರಿಗೂ ಗೊತ್ತು. ಅದರ ಹನಿಗಳೇ ಕಡಲಿನಲ್ಲಿ ಬೆಳಕನ್ನು ಚದುರಿಸುತ್ತವೆ. ಎರಡೂ ಬೇರೆ ಬೇರೆ ತೊಂದರೆ.
– ಶ್ರೀ.

‘ಕಾವಿನ ಹರವು’ ಒಪ್ಪಿದೆ. ಕನ್ನಡದಲ್ಲಿ ಆಗುತ್ತದೆ ಎಂದು ಇದೇ ತೋರಿಸಿತಲ್ಲ. ಮತ್ತೆ ಲೇಸರ್, ರೇಡಾರ್, ಡ್ರೋನ್ ಎಲ್ಲ ಕದ ತಟ್ಟದೆ ಒಳಗೆ ಬರಬಹುದು, ಕಸುವು ಮಾತ್ರ ಹೊರಗೆ ನಿಲ್ಲಬೇಕೇ?
– ನಂ.

ಜನ ಆಡುವ ಪದ ಯಾವ ನುಡಿಯದಾದರೂ ಕನ್ನಡವೇ. ಸಂಸ್ಕೃತ ಓಡಿಸುವ ಚಳವಳಿಗೆ ಅನುವಾದಕರನ್ನು ಬಲಿ ಕೊಡಬೇಡಿ. ಬೇರೆ ಎಳೆಯಲ್ಲಿ ಜಗಳ ಮುಂದುವರಿಸೋಣ, ನಾನು ಬರುತ್ತೇನೆ.
– ಕೆ.ವಿ.

ಧನ್ಯವಾದ. ತಲೆಬರಹ ಹೀಗೆ ಕಳಿಸುತ್ತಿದ್ದೇನೆ: ‘ಯುದ್ಧನೌಕೆಗೆ ಅಧಿಕ ಸಾಮರ್ಥ್ಯದ ಲೇಸರ್: ಕಾರ್ಯಸಾಧ್ಯತೆ ಎಷ್ಟು?’ ಒಳಗೆ ‘ಕಾವಿನ ಹರವು’. ಇನ್ನೊಂದೇ ಉಳಿದಿದೆ, ‘ಡ್ವೆಲ್ ಟೈಮ್’.
– ಸು.

ಅದಕ್ಕೆ ಪದ ಕಟ್ಟುವುದು ಬೇಡ. ‘ಕಿರಣ ಒಂದೇ ಜಾಗದಲ್ಲಿ ನಿಲ್ಲಬೇಕಾದ ಹೊತ್ತು’ ಎಂದು ಬಿಡಿಸಿಯೇ ಬರೆಯಿರಿ. ಹೊಯ್ದಾಡುವ ಹಡಗಿನಿಂದ, ಹಾರುತ್ತಿರುವ ಡ್ರೋನಿನ ಅದೇ ಅಂಗೈಯಗಲ ಜಾಗಕ್ಕೆ ಕಿರಣ ಹಿಡಿದಿರಬೇಕು ಎಂಬುದು ಓದುವವರಿಗೆ ಕಾಣಬೇಕು.
– ಶ್ರೀ.